ಕೀಲೆಣ್ಣೆ ಮೆತ್ತಿದ ರಾಟೆ

ಮಣ್ಣಿನ ಎತ್ತುಗಳ ಹಿಂದೆ ವೀಣೆ ನುಡಿಸಬೇಕಂತೆ! ತರೀಕೆರೆಯ ಹೊಲಿಗೆ ಟೀಚರ್ ಅಂಬಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಎಂಬತ್ತೆರಡನೇ ಇಸವಿ. ಹೈಸ್ಕೂಲಿನ ಹಾಲ್‌ನಲ್ಲಿ 'ನೀರು ಬಂದ ದಾರಿ' ಎಂಬ ಪ್ರದರ್ಶನ. ಡ್ರಾಯಿಂಗ್ ಮೇಷ್ಟ್ರು ಮಲ್ಲಿಕಾರ್ಜುನ ಜೇಡಿಮಣ್ಣಿನಲ್ಲಿ ಕೆರೆ, ಬಾವಿ, ಎತ್ತುಗಳು ಇಳಿಜಾರಿನಲ್ಲಿ ರಾಟೆಯ ಹಗ್ಗ ಎಳೆದು ನೀರೆತ್ತುವ ಕಪಿಲೆ, ಎಲ್ಲವನ್ನೂ ಮಾಡಿ ನಿಲ್ಲಿಸಿದ್ದ. ಅದರ ಕಥೆಯನ್ನೂ ಅವನೇ ಓದಿ ಒಂದು ಟೇಪಿಗೆ ತುಂಬಿದ್ದ. ಮಾತಿನ ಹಿಂದೆ ಇನ್ನೊಂದು ಟೇಪಿನಿಂದ ಕೇಳಿಸಬೇಕಾದ ಸದ್ದನ್ನು ಹೊಂದಿಸುವ ಕೆಲಸ ಅಂಬಮ್ಮನದು.

"ಹಿತವಾಗಿ ವೀಣೆ ಹಾಕಿಬಿಡಿ ಅಂಬಮ್ಮನವರೇ. ದೊಡ್ಡವರೆಲ್ಲ ಬರ್ತಾರೆ. ರಾಟೆ ಕಿರುಗುಟ್ಟೋದನ್ನ ಯಾರು ಕೇಳ್ತಾರೆ?" ಎಂದರು ಪ್ರದರ್ಶನ ಸಮಿತಿಯ ಕಾರ್ಯದರ್ಶಿ ರಾಮಸ್ವಾಮಿ.

"ನಾನು ಅದನ್ನ ಕೇಳ್ಕೊಂಡೇ ಬೆಳೆದವಳು ಸಾರ್. ಅದನ್ನೇ ಹಾಕ್ತೀನಿ."

ಅವಳಪ್ಪ ಚಿಕ್ಕಬೀರಪ್ಪ ಪಂಚನಹಳ್ಳಿಯಲ್ಲಿ ನಲವತ್ತು ವರ್ಷ ಕಪಿಲೆ ಹೊಡೆದವನು. ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಅವನದೆಂದು ಈ ಲೋಕದಲ್ಲಿ ಉಳಿದದ್ದು ಆ ರಾಟೆಯ ಸದ್ದೊಂದೇ. ಅದಕ್ಕೂ ಸೋಮವಾರದ ಗಡುವು. ಚಿಕ್ಕಪ್ಪ ಲಕ್ಕಣ್ಣ ಬೋರ್‌ವೆಲ್ಲಿಗೆ ಮೋಟಾರು ಕೂರಿಸಿ, ಅವತ್ತೇ ಕಪಿಲೆ ಬಿಚ್ಚಿಸುವವನಿದ್ದ.

ಭಾನುವಾರ ಅಂಬಮ್ಮ ಟೇಪ್ ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಕಡೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಬಂದಳು. ಲಕ್ಕಣ್ಣ ಎತ್ತುಗಳ ಮೈ ತೊಳೆದು, ತಾನೂ ಹೊಸ ಅಂಗಿ ತೊಟ್ಟು ಕಾದಿದ್ದ. ಅವಳು ಗುಂಡಿ ಒತ್ತಿದಳು. ಎತ್ತು ಇಳಿಜಾರಿಗಿಳಿದವು, ರಾಟೆ ತಿರುಗಿತು, ತೊಗಲಿನ ಬಾನೆ ತುಂಬಿ ಮೇಲೆ ಬಂತು. ಆದರೆ ರಾಟೆಯಿಂದ ಒಂದಿಷ್ಟೂ ಸದ್ದಿಲ್ಲ.

"ಸದ್ದೆಲ್ಲಿ ಚಿಕ್ಕಪ್ಪಾ?"

"ಎಲ್ಲಿಂದ ಬತ್ತೈತೆ? ಬೆಳಿಗ್ಗೆನೇ ಗಾಡಿ ಕೀಲೆಣ್ಣೆ ಮೆತ್ತಿವ್ನಿ. ಪ್ಯಾಟೆ ಜನದ ಮುಂದೆ ನಮ್ ರಾಟೆ ಕಿರ್ರೋ ಅಂದ್ರೆ ಮನೆ ಮಾನ ಏನಾಗ್ಬೇಕು ಮಗಾ?"

ಪಾಪ, ಅವನ ಮರ್ಯಾದೆ ಅವನಿಗೆ. ಅಂಬಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. "ಅಪ್ಪ ಒಂದ್ ದಿನಾನಾದ್ರೂ ಅದಕ್ಕೆ ಎಣ್ಣೆ ಬಿಟ್ಟಿದ್ನಾ? ಹೊಲದ ತುದೀಲಿ ನೀರು ತಿರುಗಿಸೋ ಅವ್ವನಿಗೆ ಕೇಳ್ಲಿ ಅಂತ ಹಂಗೇ ಬಿಡ್ತಿದ್ದ, ಮರ್ತೆಯಾ?"

ಲಕ್ಕಣ್ಣ ಮರೆತಿರಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಸೀಮೆಎಣ್ಣೆ, ಹಳೆ ಬಟ್ಟೆ ತಂದ. ಇಬ್ಬರೂ ರಾಟೆಯ ಅಚ್ಚನ್ನು ಒರೆಸಿದರು, ಒಲೆ ಬೂದಿ ಹಾಕಿ ಉಜ್ಜಿದರು, ಮತ್ತೆ ಒರೆಸಿದರು. ಹೊತ್ತು ವಾಲಿದ ಮೇಲೆ ರಾಟೆ ಕಿರ್ರೆಂದಿತು. ಅಂಬಮ್ಮ ಅತ್ತೇಬಿಟ್ಟಳು. ಅಳು ಟೇಪಿಗೆ ಬೀಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಪ್ರದರ್ಶನದ ದಿನ ಹಾಲ್‌ನೊಳಗೆ ಕಾಲಿಡುತ್ತಲೇ ಅವಳ ಕಿವಿಗೆ ಬಿದ್ದದ್ದು ವೀಣೆ. ಅವಳ ಕ್ಯಾಸೆಟ್ಟು ಕಿಟಕಿಯ ಕಟ್ಟೆಯ ಮೇಲೆ ಅನಾಥವಾಗಿ ಬಿದ್ದಿತ್ತು. ಅಂಬಮ್ಮ ಯಾರನ್ನೂ ಕೇಳಲಿಲ್ಲ. ವೀಣೆಯನ್ನು ಹೊರಗೆ ತೆಗೆದಳು, ತನ್ನದನ್ನು ತುರುಕಿದಳು. ಮಲ್ಲಿಕಾರ್ಜುನನ ಮಾತಿನ ಹಿಂದೆ ಚಿಕ್ಕಬೀರಪ್ಪನ ರಾಟೆ ಕಿರುಗುಟ್ಟತೊಡಗಿತು.

ರಾಮಸ್ವಾಮಿ ಧಾವಿಸಿ ಬಂದರು. "ಏನ್ರೀ ಇದು ಕರ್ಕಶ? ಮೊದಲು ನಿಲ್ಲಿಸಿ. ಇಲ್ಲದಿದ್ರೆ ನಿಮ್ಮ ಹೆಡ್‌ಮಿಸ್ಟ್ರೆಸ್‌ಗೆ ಬರೀಬೇಕಾಗುತ್ತೆ."

"ಬರೀರಿ. ಅಂಬಮ್ಮ, ಚಿಕ್ಕಬೀರಪ್ಪನ ಮಗಳು ಅಂತ ಪೂರ್ತಿ ಬರೀರಿ." ಅವಳು ಟೇಪಿಗೆ ಅಡ್ಡವಾಗಿ ನಿಂತಳು. "ನನ್ನ ಎತ್ತಿ ಆಚೆಗಿಟ್ಟು ಆಮೇಲೆ ನಿಲ್ಸಿ."

ಶಿವನಿ ಊರಿನ ಕಡೆಯ ರೈತ ಹೆಂಗಸರ ಗುಂಪೊಂದು ಆಗಷ್ಟೇ ಒಳಗೆ ಬಂದಿತ್ತು. ರಾಟೆಯ ಸದ್ದು ಏರಿ ಏರಿ ತಟ್ಟನೆ ನಿಂತಿತು. ಟೇಪಿನೊಳಗೆ ಬಾನೆಯ ನೀರು ದಬದಬನೆ ಸುರಿಯಿತು. ಗುಂಪಿನಲ್ಲಿದ್ದ ಮುದುಕಿ, ಸೀರೆಯ ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ದಾರಿಗಡ್ಡ ನಿಂತಿದ್ದ ಕಾರ್ಯದರ್ಶಿಗಳನ್ನು ಗದರಿದಳು:

"ಏ ಸ್ವಾಮಿ, ಕಾಲ್ವೆ ಬಿಟ್ಟು ಆಚೆ ನಿಂತ್ಕಳಿ. ನೀರು ಬತ್ತಾ ಐತೆ!"

ರಾಮಸ್ವಾಮಿ ಇಸ್ತ್ರಿಯ ಪಂಚೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿಕೊಂಡು ಪಕ್ಕಕ್ಕೆ ಸರಿದರು.