ಎರಡು ಗುಟುಕಿನ ಉಸಿರು

ಕೀಲ್ಪಾಕಿನ ಸ್ಟುಡಿಯೋದಲ್ಲಿ ರಂಜನಿ ಒಬ್ಬಳೇ ಫ್ಲೂಟು ನುಡಿಸಿದ್ದಳು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಅನಿಕೇತ್ ಹೆಡ್‌ಫೋನು ಕೆಳಗಿಟ್ಟು, "ಮೇಡಂ, ಒಳಗೆ ಇನ್ಯಾರಾದ್ರೂ ಇದ್ರಾ?" ಎಂದು ಕೇಳಿದ.

"ಇಲ್ಲವಲ್ಲ. ಯಾಕೆ?"

"ನೀವು ಶುರು ಮಾಡೋ ಮುಂಚೆ ಒಂದು ಉಸಿರು ಕೇಳುತ್ತೆ. ಎಳೆದು, ನಿಲ್ಲಿಸಿ, ಮತ್ತೆ ಇಷ್ಟೇ ಇಷ್ಟು ಎಳ್ಕೊಂಡ ಹಾಗೆ. ಅಳಿಸಿಬಿಡ್ಲಾ?"

ರಂಜನಿ ತಿರುಗಿ ತನ್ನ ಹಿಂದೆ ನೋಡಿದಳು. ಆ ಉಸಿರನ್ನು ಅವಳು ಆರು ವರ್ಷದಿಂದ ಕೇಳುತ್ತಿದ್ದಳು. ಎಡಭುಜದ ಹಿಂದಿನಿಂದ, ಪ್ರಮೋದ ನಿಲ್ಲುತ್ತಿದ್ದ ಜಾಗದಿಂದ ಅದು ಬರುತ್ತಿತ್ತು. ಇನ್ನೊಬ್ಬರ ಕಿವಿಗೆ ಬಿದ್ದದ್ದು ಇದೇ ಮೊದಲು.

"ಬೇಡ, ಇರಲಿ," ಎಂದಳು.

ಪ್ರಮೋದ ಅವಳ ಗಂಡ; ತೀರಿಕೊಂಡು ಆರು ವರ್ಷವಾಗಿತ್ತು. ತಿರುವಲ್ಲಿಕೇಣಿಯ ಮನೆಯಲ್ಲಿ ಬಿದಿರಿನ ಕೊಳಲು ಹಿಡಿದು ಕೀರ್ತನೆ ಕಲಿಯುತ್ತಿದ್ದವಳ ಕೈಗೆ ಕಾಲೇಜಿನ ದಿನಗಳಲ್ಲಿ ಬೆಳ್ಳಿಯ ಫ್ಲೂಟು ಕೊಟ್ಟು, ಜಾಜ್‌ನ ಹುಚ್ಚು ಹಿಡಿಸಿದವನು ಅವನೇ. ಇಬ್ಬರೂ ಜೋಡಿಯಾಗಿ ಮೊದಲು ನುಡಿಸಿದ್ದು ಹೋಟೆಲುಗಳಲ್ಲಿ, ತಟ್ಟೆ ಚಮಚಗಳ ಸದ್ದಿನ ನಡುವೆ. ಸಂಗೀತ ಸಭಾದ ಹಿರಿಯರು "ಇದು ಯಾವ ರಾಗ ಅಮ್ಮಾ?" ಎಂದು ನಗುತ್ತಿದ್ದರು. ಎಣ್ಣೂರಿನ ಹಿನ್ನೀರಿನ ಮೇಲೆ ವಿದ್ಯುತ್ ಸ್ಥಾವರದ ಬೂದಿ ಕೂತದ್ದನ್ನು ಕಂಡು ರಂಜನಿ 'ಬೂದಿ ನೀರು' ಎಂಬ ರಚನೆ ಕಟ್ಟಿದ ಮೇಲೆ ನಗುವವರು ಕಡಿಮೆಯಾದರು. ಆ ರಚನೆ ಅವರಿಬ್ಬರನ್ನೂ ಬರ್ಲಿನ್‌ವರೆಗೆ ಕರೆದೊಯ್ದಿತು. ಆಮೇಲೆ ಪ್ರಮೋದನ ಶ್ವಾಸಕೋಶ ಗಟ್ಟಿಯಾಗುತ್ತ ಹೋಯಿತು. ಕೊನೆಯ ತಿಂಗಳುಗಳಲ್ಲಿ ಅವನು ಫ್ಲೂಟನ್ನು ತುಟಿಗಿಟ್ಟು ಬೆರಳುಗಳನ್ನಷ್ಟೇ ಆಡಿಸುತ್ತಿದ್ದ.

ವೇಲಚೇರಿಯ ಮನೆಗೆ ಬಂದು ರಂಜನಿ ರೆಕಾರ್ಡಿಂಗ್ ಹಾಕಿದಳು. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಅಂಬುಜಮ್ಮ ತಟ್ಟನೆ ಕೈ ನಿಲ್ಲಿಸಿದರು.

"ಏ ರಂಜನಿ, ನಮ್ಮ ಪ್ರಮೋದ ಅಲ್ಲವೇನೇ ಅದು?"

"ಯಾಕಮ್ಮಾ ಹಾಗಂತೀರಿ?"

"ಚಿಕ್ಕವನಿದ್ದಾಗಿಂದ ಅವನಿಗೆ ವೀಸಿಂಗು. ಎರಡು ಸಲ ಉಸಿರೆಳೆದರೇನೇ ಮೂಚು ತುಂಬೋದು. ಪಕ್ಕದಲ್ಲೇ ಮಲಗಿಸಿಕೊಂಡು ಕೇಳಿದವಳು ನಾನು, ನನಗೆ ತೆರಿಯಲ್ಲವಾ, ಗೊತ್ತಾಗಲ್ಲವಾ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂದಿದ್ದರೆ ಇರಲಿ ಬಿಡು. ಪಾಪ, ಇನ್ನೆಲ್ಲಿಗೆ ಹೋಗಬೇಕು ಅವನು?"

ಅತ್ತೆಗೆ ಅದು ಸಮಾಧಾನ ತಂದಿತು; ರಂಜನಿಗೆ ಭಯ ಹತ್ತಿತು. ತನ್ನ ಮನಸ್ಸಿನ ಭ್ರಮೆ ಎಂದುಕೊಂಡಿದ್ದಷ್ಟು ದಿನ ಅದರ ಜೊತೆ ಬದುಕಬಹುದಿತ್ತು. ಈಗ ಲಿಫ್ಟಿನಲ್ಲಿ ನಿಂತಾಗಲೂ, ಬಾಗಿಲ ಬೀಗ ತೆಗೆಯುವಾಗಲೂ ಹಿಂದೆ ಯಾರೋ ಗಾಳಿಗಾಗಿ ಒದ್ದಾಡುತ್ತಿದ್ದಂತೆ ಕೇಳಿಸುತ್ತಿತ್ತು. ಅಭ್ಯಾಸ ಬಿಟ್ಟಳು. ಪಾಠ ಹೇಳುವುದನ್ನು ಮಾತ್ರ ಬಿಡಲಿಲ್ಲ. ದೂರದಿಂದ ಬರುವ ಮಕ್ಕಳಿಗೆ ಏನೆಂದು ಹೇಳುವುದು?

ಆ ಶನಿವಾರ ಪಾಠದ ನಡುವೆ ಅವಳು ಅಡಿಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಹಾಲ್‌ನಿಂದ ಉಸಿರು ಕೇಳಿತು. ಎಳೆದು, ನಿಂತು, ಮತ್ತೊಂದು ಗುಟುಕು. ಲೋಟ ಅಲ್ಲೇ ಬಿಟ್ಟು ಓಡಿಬಂದಳು. ಮಂಡ್ಯದಿಂದ ಬಂದು ಇಲ್ಲೇ ಓದುತ್ತಿದ್ದ ಮೌನ ಎಂಬ ಹುಡುಗಿ ಕಿಟಕಿಗೆ ಬೆನ್ನು ಮಾಡಿ 'ಬೂದಿ ನೀರು' ನುಡಿಸಲು ನಿಂತಿದ್ದಳು. ಪ್ರಮೋದನನ್ನು ಅವಳು ನೋಡಿಯೂ ಇರಲಿಲ್ಲ.

"ಹಾಗೆ ಉಸಿರು ತಗೊಳ್ಳೋದನ್ನ ಯಾರು ಹೇಳಿಕೊಟ್ಟರು ನಿನಗೆ?"

ಆ ದನಿಗೆ ಹುಡುಗಿ ಬೆದರಿದಳು. "ನೀವೇ ಅಲ್ವಾ ಮಿಸ್? ನೀವು ತಗೊಳ್ಳೋ ಹಂಗೇ ತಗೋತೀನಿ. ನಾವೆಲ್ಲಾ ಹಂಗೇ ಮಾಡೋದು. ತಪ್ಪಾ?"

"ಎಲ್ಲರೂ ಫ್ಲೂಟ್ ಎತ್ತಿ," ಎಂದಳು ರಂಜನಿ.

ಎತ್ತಿದರು. ಕೋಣೆಯ ತುಂಬ ಒಂದೇ ಸಲ ಪ್ರಮೋದ ಉಸಿರೆಳೆದ. ತಡೆದು, ಮತ್ತೆ ಎಳೆದ.

ಶಿಷ್ಯರನ್ನು ಕಳಿಸಿ ಅವಳು ಪಕ್ಕೆಲುಬಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳದೇ ಉಸಿರು ಅರ್ಧಕ್ಕೆ ನಿಂತು ಮತ್ತೊಮ್ಮೆ ಒಳಗೆ ಹೋಯಿತು. ಬಿದಿರಿನ ಕೊಳಲು ಕಲಿಸಿದ ಗುರುಗಳು ಅವಳಿಗೆ ಒಂದೇ ಉದ್ದನೆಯ ಉಸಿರನ್ನು ರೂಢಿ ಮಾಡಿಸಿದ್ದರು. ಅದು ಯಾವಾಗ ಕೈಬಿಟ್ಟಿತು? ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ಅವನ ಎದೆ ಏಳುವುದನ್ನೇ ನೋಡುತ್ತ, ಅವನಿಗೆ ನೆರವಾಗುವಂತೆ ತಾನೂ ಅವನ ಜೊತೆ ಎಳೆಯುತ್ತ ಕೂತಿದ್ದಳಲ್ಲ, ಆಗಲೇ ಇರಬೇಕು. ಮೈಗೆ ಹತ್ತಿದ್ದನ್ನೇ ಅವಳು ಪಾಠವಾಗಿ ಹಂಚಿದ್ದಳು.

ಮಾರ್ಗಶಿರದ ಸಂಗೀತ ಕಛೇರಿಗೆ ಅವಳು ಮೌನಳನ್ನು ತನ್ನ ಎಡಗಡೆ ನಿಲ್ಲಿಸಿಕೊಂಡಳು. ಪ್ರಮೋದ ಹೋದ ಮೇಲೆ 'ಬೂದಿ ನೀರ'ನ್ನು ಎರಡು ಫ್ಲೂಟುಗಳಲ್ಲಿ ನುಡಿಸಿರಲೇ ಇಲ್ಲ. ಹುಡುಗಿ ಎರಡು ಗುಟುಕಿನಲ್ಲಿ ಉಸಿರೆಳೆದಳು. ರಂಜನಿ ವಾರಗಟ್ಟಲೆ ಕಷ್ಟಪಟ್ಟು ಮತ್ತೆ ಕಲಿತಿದ್ದ ತನ್ನ ಹಳೆಯ ಉಸಿರನ್ನು ಒಂದೇ ಬಾರಿಗೆ ತುಂಬಿಕೊಂಡಳು. ನಡುವೆ ಆ ಹುಡುಗಿ ರಚನೆಯಲ್ಲಿದ್ದ ಸ್ವರಗಳನ್ನು ಬಿಟ್ಟು ತನ್ನದೇ ದಾರಿ ಹಿಡಿದಾಗ ಸಭೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಂಬುಜಮ್ಮನ ಕಣ್ಣು ಕೊನೆಯವರೆಗೂ ಆ ಹುಡುಗಿಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ರಂಜನಿ ಅಭ್ಯಾಸಕ್ಕೆ ನಿಂತಳು. ಫ್ಲೂಟು ಎತ್ತಿ ಕಾದಳು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನು, ಪಕ್ಕದ ಮನೆಯ ಕುಕ್ಕರಿನ ಕೂಗು. ಬೇರೇನೂ ಕೇಳಲಿಲ್ಲ. ಭಯ ಹೋಯಿತೆಂದು ಹಗುರಾಗಬೇಕಿತ್ತು. ಗಂಡ ಆಗಷ್ಟೇ ತೀರಿಕೊಂಡ ಹಾಗೆ ಅವಳು ನೆಲದ ಮೇಲೆ ಕುಸಿದು ಅತ್ತಳು.

ಅಂಬುಜಮ್ಮ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. "ಹೋದನೇನೇ?"

"ಹೋದರಮ್ಮಾ."

ಮುದುಕಿ ತುಂಬ ಹೊತ್ತು ಸೊಸೆಯ ಬೆನ್ನು ಸವರುತ್ತಿದ್ದರು. ಆಮೇಲೆ ಮೆಲ್ಲಗೆ, "ಆ ಹುಡುಗೀನ ಒಂದು ದಿನ ಊಟಕ್ಕೆ ಕರಿ. ಸುಮ್ಮನೆ ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಲಿ," ಎಂದರು.