ಭಂಡಾರ ಹಚ್ಚುವ ಮುಂಚೆ

ನಮ್ಮ ಪಕ್ಷದ ದೊಡ್ಡವರಿಗೆ ಒಂದು ಚಾಳಿ. ಊರಿಗೆ ಬಂದೊಡನೆ ಹಣೆ ಚಾಚುತ್ತಾರೆ, ಯಾರು ಏನು ಹಚ್ಚಿದರೂ ಫೋಟೊಗೆ ಒಪ್ಪಿದರೆ ಸಾಕು. ನಾನು ಸತ್ಯಬೋಧ, ನಿವೃತ್ತ ಮಾಸ್ತರ. ಈ ಪಕ್ಷದಲ್ಲೇ ಕೂದಲು ಹಣ್ಣಾಗಿರುವುದರಿಂದ ಬೈಯುವ ಹಕ್ಕು ನನಗಿದೆ.

ಅಮೀನಗಡದ ಆಚೆ ಇರುವ ನಮ್ಮೂರಲ್ಲಿ ಬೀರಪ್ಪನ ಗುಡಿಯ ಅರಿಶಿನಕ್ಕೆ ಭಂಡಾರ ಎನ್ನುತ್ತಾರೆ. ಗುಡಿಯ ಕಟ್ಟೆಯಲ್ಲಿ ಮಾತು ಕೊಟ್ಟು ಅದನ್ನು ಹಚ್ಚಿಸಿಕೊಂಡರೆ ಆಣೆ ಇಟ್ಟಂತೆ. ಹಿಂದೊಮ್ಮೆ ನಮ್ಮ ಅಭ್ಯರ್ಥಿಯೊಬ್ಬ ಕೆರೆ ತುಂಬಿಸುತ್ತೇನೆಂದು ಹೇಳಿ, ಭಂಡಾರವನ್ನು ಬರೀ ತಿಲಕವೆಂದುಕೊಂಡು ಬಳಿಸಿಕೊಂಡು ಹೋದ. ಗೆದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಂದಿನಿಂದ ನಮ್ಮ ಬಾವುಟಕ್ಕೆ ಊರಲ್ಲಿ ಕಂಬ ಸಿಗಲಿಲ್ಲ.

ಮತ್ತೆ ಜನರ ಬಾಗಿಲು ತಟ್ಟಿದವಳು ಮಹಾದೇವಿ. ಕುರಿ ಸಾಕುವ ಮನೆಯ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಗ್ರಾಮ ಘಟಕದ ಅಧ್ಯಕ್ಷೆ. ಪಿಂಚಣಿ ನಿಂತವರನ್ನು ಹುನಗುಂದದ ಕಚೇರಿಗೆ ಕರೆದೊಯ್ದು, ಬೈಗುಳ ತಿಂದು, ವರ್ಷಗಟ್ಟಲೆ ತಿರುಗಿ ಜನರನ್ನು ಕಟ್ಟೆಗೆ ಕರೆತಂದಿದ್ದಳು. ಜಿಲ್ಲಾಧ್ಯಕ್ಷ ಈರಪ್ಪನವರು ಬಾಗಲಕೋಟೆಯಿಂದ ಬಂದರು. ಸಭೆ ಚೆನ್ನಾಗಿ ಆದರೆ ತಾಲ್ಲೂಕು ಅಧ್ಯಕ್ಷಗಿರಿ ಅವಳಿಗೇ ಎಂದು ಮೊದಲೇ ಹೇಳಿದ್ದರು.

ಪೂಜಾರಿ ಮಲಕಪ್ಪ ಭಂಡಾರದ ತಟ್ಟೆ ಹಿಡಿದು ನಿಂತಿದ್ದ. ಜನರನ್ನು ಕಂಡು ಈರಪ್ಪನವರಿಗೆ ಹುರುಪು ಬಂತು. "ಕೆರಿ ತುಂಬಸ್ತೀವಿ, ಡಾಂಬರ ರಸ್ತಾ ಮಾಡ್ತೀವಿ" ಎನ್ನುತ್ತ ಹಣೆ ಚಾಚಿದರು. ಮಹಾದೇವಿ ತಟ್ಟೆಗೆ ಅಡ್ಡ ಕೈ ಹಿಡಿದಳು.

"ತಡೀರಿ ಸಾಹೇಬ್ರ. ಇದನ್ನ ಹಚ್ಚಿಕೊಂಡ್ರ ದೇವರ ಆಣಿ. ಕೆರಿ ನಿಮ್ಮ ಕೈಯಾಗ ಐತೇನ್ರಿ?"

ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡಳಲ್ಲ!

ಈರಪ್ಪನವರ ಮುಖ ಕೆಂಪಾಯಿತು. "ಇಷ್ಟ ಮಂದಿ ಮುಂದ ಹಿಂಗ ಕೇಳ್ತೀಯೇನವಾ? ಹುದ್ದೆ ಬ್ಯಾಡೇನು ನಿನಗ?"

"ಹೋದ್ರ ಹೋಗ್ಲಿರಿ. ನೀವು ಕಾರ್ ಹತ್ತಿ ಹೋಗ್ತೀರಿ. ನಾ ನಾಳಿ ಇದ ಊರಾಗ ಇವರ ಮಾರಿ ನೋಡಬೇಕು."

ಈರಪ್ಪನವರು ಕುರ್ಚಿ ಬಿಟ್ಟು ಕಟ್ಟೆಗೆ ಹಾಸಿದ್ದ ಕಂಬಳಿಯ ಮೇಲೆ ಕುಳಿತು ಮುಖ ಒರೆಸಿಕೊಂಡರು.

"ಖರೆ. ಕೆರಿ ನನ್ನ ಕೈಯಾಗಿಲ್ಲ, ರಸ್ತಾನೂ ಇಲ್ಲ. ಮಳಿಗಾಲಕ್ಕ ಮೊದಲ ನಿಮ್ಮ ಕುರಿಗೆ ಲಸಿಕಿ ಹಾಕಸ್ತೇನಿ. ಅದಕ್ಕ ಓಡ್ಯಾಡೂದು ನನ್ನ ಕೈಯಾಗೈತಿ."

ಕೆರೆಯ ಮಾತಿಗೆ ಅಲುಗದೆ ಕುಳಿತಿದ್ದ ಜನ ಈ ಸಣ್ಣ ಮಾತಿಗೆ ತಲೆಯಾಡಿಸಿದರು.

ಮಲಕಪ್ಪ ಅವರ ಹಣೆಗೆ ಒಂದು ಬೊಟ್ಟು ಇಟ್ಟ. ಆಮೇಲೆ ಮೂರು ಬೆರಳು ಅದ್ದಿ ಮಹಾದೇವಿಯ ಹಣೆ ತುಂಬ ಬಳಿದ.

"ಅಜ್ಜಾ, ನಾ ಏನೂ ಮಾತು ಕೊಟ್ಟಿಲ್ಲಲ್ಲ" ಎಂದಳು ಅವಳು, ಗಾಬರಿಯಾಗಿ.

"ಅವರ ಮಾತಿಗೆ ನೀ ಜಾಮೀನು, ಯವ್ವಾ. ಅದು ತಪ್ಪಿದ್ರ ನಾವು ಬಾಗಲಕೋಟಿಗೆ ಹೋಗೂದಿಲ್ಲ, ನಿನ್ನ ಮನಿಗೆ ಬರ್ತೇವಿ. ಬಂದು ಕೇಳಾಕ ಒಂದು ಮನಿ ಇದ್ರ ಸಾಕು, ಪಕ್ಷ ಊರಾಗ ಐತಿ ಅಂತ ತಿಳೀತೇವಿ."

"ಬರ್ರಿ" ಎಂದಳು ಮಹಾದೇವಿ.

ಆಯುಷ್ಯವೆಲ್ಲ ಈ ಪಕ್ಷಕ್ಕೆ ಜೈಕಾರ ಹಾಕಿದವನು ನಾನು. ಹೆಮ್ಮೆಯಿಂದ ಕಣ್ಣು ತುಂಬಿದ್ದು ಮಾತ್ರ ಅವತ್ತೇ.