ಹೊಡೆಯದೆ ಬೆಳೆಸಬಹುದೇ?

ಸಂಶೋಧನಾ ಸಂಸ್ಥೆಯಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆಗಳಿಂದ ತುಂಬಿ ಬಂದ ಪ್ರಶ್ನೆಪಟ್ಟಿಗಳನ್ನು ಓದಿ, ಒಂದೊಂದು ಉತ್ತರಕ್ಕೂ ಅಂಕಿ ಹಾಕುವುದು ಅವಳ ಕೆಲಸ. ದುಡಿಯುವ ಜನ ಯಜಮಾನಿಕೆಯನ್ನು ಬೈಯುತ್ತಲೇ ಅದಕ್ಕೆ ತಲೆಬಾಗುವುದೇಕೆ ಎಂದು ತಿಳಿಯುವ ಹಟ ನಿರ್ದೇಶಕರದು. ತತ್ವಜ್ಞಾನಿಗಳು ಕುರ್ಚಿಯಲ್ಲಿ ಕೂತು ಮನುಷ್ಯನನ್ನು ಊಹಿಸಿದ್ದು ಸಾಕು, ಹೋಗಿ ಕೇಳೋಣ ಎಂದವರು ಅವರೇ. ಆ ಮಾತಿಗೆ ಮರುಳಾಗಿ ಅವಳು ಇಲ್ಲಿ ಸೇರಿದ್ದಳು.

ಆ ಮಧ್ಯಾಹ್ನ ನಿರ್ದೇಶಕರು ತುಂಬಿದ ಪ್ರಶ್ನೆಪಟ್ಟಿಯೊಂದನ್ನು ಹಿಡಿದು ಹಿಗ್ಗುತ್ತಾ ಬಂದರು.

"ನೋಡಮ್ಮ, ಸಿಕ್ಕಿಬಿಟ್ಟ. ಮೈಯೊಳಗೆ ಯಜಮಾನನ ಸುಳಿವೇ ಇಲ್ಲದ ಮನುಷ್ಯ. ನಮ್ಮ ಸಮೀಕ್ಷೆಯ ಪುಸ್ತಕ ಇವನಿಂದಲೇ ಶುರು."

ಪಟ್ಟಿಯಲ್ಲಿ ಹೆಸರಿರಲಿಲ್ಲ, ಬರೆಯುವಂತೆಯೂ ಇಲ್ಲ. ಆದರೆ ಹನ್ನೊಂದು ವರ್ಷ ದಿನಸಿ ಚೀಟಿಯಲ್ಲಿ ಕಂಡ ಅಕ್ಷರ ಗುರುತು ಸಿಗದೆ ಇರುತ್ತದೆಯೇ? ಅವಳ ಗಂಡನದು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸದವನು, ಕಾರ್ಮಿಕ ಸಂಘದ ಮುಂದಾಳು. 'ಮನೆಯಲ್ಲಿ ತೀರ್ಮಾನ ಯಾರದು?' 'ಇಬ್ಬರದೂ.' 'ಹೊಡೆಯದೆ ಮಕ್ಕಳನ್ನು ಬೆಳೆಸಬಹುದೇ?' 'ಬೆಳೆಸಲೇಬೇಕು. ಹೊಡೆತದಿಂದ ಗುಲಾಮರು ತಯಾರಾಗುತ್ತಾರೆ.'

ಅವಳ ಪಿತ್ತ ನೆತ್ತಿಗೇರಿತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಅಂಗಿಗೆ ಗುಂಡಿ ಹೊಲಿದಿಲ್ಲವೆಂದು ಇದೇ ಮಹಾನುಭಾವ ಮೊನ್ನೆ ಅವಳ ಕೆನ್ನೆಗೆ ಬಾರಿಸಿದ್ದ.

"ಸುಳ್ಳು ಸರ್. ಇವರು ನಮ್ಮನೆಯವರು. ನನಗೂ ಹೊಡೀತಾರೆ, ಮಗಳಿಗೂ ಹೊಡೀತಾರೆ."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. "ಬೇಜಾರಿನ ವಿಷಯ. ಆದ್ರೆ ಪಟ್ಟಿಯಲ್ಲಿ ಇರೋದನ್ನಷ್ಟೇ ನಾವು ನಂಬಬೇಕು. ಮನೆ ಮಾತು ಸಾಕ್ಷಿ ಆಗಲ್ಲ."

"ಹಾಗಾದ್ರೆ ನಾನೂ ಒಂದು ಪಟ್ಟಿ ತುಂಬ್ತೀನಿ."

"ಹೆಂಗಸರನ್ನ ಈ ಸಲ ಕೇಳ್ತಾ ಇಲ್ಲವಲ್ಲ."

"ಮತ್ತೆ ನೀವೂ ಕುರ್ಚಿಲಿ ಕೂತು ಊಹಿಸ್ತಾ ಇದೀರಿ ಅಷ್ಟೆ."

ಅವರ ಅಪ್ಪಣೆಗೆ ಕಾಯದೆ ಕಪಾಟಿನಿಂದ ಖಾಲಿ ಪಟ್ಟಿ ಎಳೆದುಕೊಂಡಳು. ಗಂಡನ ಬಣ್ಣ ಬಯಲು ಮಾಡುವ ಹುಮ್ಮಸ್ಸಿನಲ್ಲಿ ಹದಿನಾರು ಪ್ರಶ್ನೆಗಳು ಸರಸರನೆ ಮುಗಿದವು. ಮಕ್ಕಳನ್ನು ಹೊಡೆಯುವ ಪ್ರಶ್ನೆ ಹದಿನೇಳನೆಯದು. ಅಲ್ಲಿ ಪೆನ್ನು ನಿಂತಿತು.

ಇಷ್ಟು ಹೊತ್ತು ಗಂಡನ ಮೇಲಿದ್ದ ಸಿಟ್ಟು ಈಗ ತನ್ನ ಕೈಯ ಮೇಲೇ ತಿರುಗಿತು. 'ಬೆಳೆಸಬಹುದು' ಎಂದು ಗೀಚಿ ಮುಗಿಸಿದರೆ ಕೇಳುವವರಾರು? ಅವನು ಮಾಡಿದ್ದೂ ಅದನ್ನೇ ಅಲ್ಲವೇ? ಹಲ್ಲು ಕಚ್ಚಿಕೊಂಡು ಬರೆದಳು. ಬರೆದದ್ದನ್ನು ಗಂಡನ ಪಟ್ಟಿಯ ಮೇಲಿಟ್ಟು ನಿರ್ದೇಶಕರ ಮುಂದೆ ತಳ್ಳಿದಳು.

"ಅಚ್ಚು ಹಾಕಿದ್ರೆ ಎರಡನ್ನೂ ಹಾಕಿ ಸರ್. ಇದಕ್ಕೆ ಯಾವ ಅಂಕಿ ಕೊಡಬೇಕೋ ನೀವೇ ಹೇಳಿ, ನನಗೆ ಗೊತ್ತಾಗ್ತಿಲ್ಲ."

ನಿರ್ದೇಶಕರು ನಿಂತೇ ಓದಿದರು, ಓದಿ ಅಲ್ಲೇ ಕುಳಿತರು. ಹದಿನೇಳರ ಎದುರು ಹೀಗಿತ್ತು: 'ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊತ್ತಾಯಿತೆಂದು ಏಳು ವರ್ಷದ ಮಗಳಿಗೆ ಬಾಚಣಿಗೆಯಿಂದ ಹೊಡೆದೆ. ಅವಳು ಅಳಲಿಲ್ಲ. ಅವಳಿಗೆ ರೂಢಿಯಾಗಿದೆ.'